ಹನ್ನೊಂದರ ಎದುರುತ್ತರ: ನಗು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೈ ಕೊಡುತ್ತದೆ

ಬೆಳಿಗ್ಗೆ ಏಳು ಹತ್ತು. ಬೆಂಗಳೂರಿನ ವಿಜಯನಗರದ ನಮ್ಮ ಮನೆ. ಏಳು ಇಪ್ಪತ್ತೈದಕ್ಕೆ ಶಾಲೆಯ ವ್ಯಾನ್ ಬೀದಿ ತುದಿಗೆ ಬಂದು ಹಾರ್ನ್ ಹೊಡೆಯುತ್ತದೆ. ಆರನೇ ಕ್ಲಾಸಿನ ಮಗಳು ಟೇಬಲ್ಲಿಗೆ ಬಂದು ತಟ್ಟೆ ನೋಡಿದಳು. ಕಣ್ಣುಗುಡ್ಡೆ ಒಂದು ಸುತ್ತು ಹಾಕಿ, ಚಾವಣಿ ಮುಟ್ಟಿ ವಾಪಸ್ ಬಂತು.

‘ಇವತ್ತೂ ಕಾಂಕ್ರೀಟಾ?’

ಉಪ್ಪಿಟ್ಟಿಗೆ ನಮ್ಮ ಹಾಸ್ಟೆಲ್ ದಿನಗಳಲ್ಲಿದ್ದ ಹೆಸರು ಅದು. ಅವಳಿಗೆ ಹೇಳಿಕೊಟ್ಟವನೂ ನಾನೇ. ಹೋದ ವರ್ಷ ಅದೇ ಮಾತಿಗೆ ಇಬ್ಬರೂ ಬಿದ್ದುಬಿದ್ದು ನಕ್ಕಿದ್ದೆವು. ಈ ಸಲ ಮಾತಲ್ಲಿ ನಗು ಇರಲಿಲ್ಲ, ಉರಿ ಇತ್ತು. ‘ಬೇಡ ಅಂದ್ರೆ ನೀನೇ ಮಾಡ್ಕೋ’ ಎಂದಳು ಅವಳಮ್ಮ. ‘ಮಾಡ್ಕೋತೀನಿ ಬಿಡು ಬ್ರೋ’ ಎಂದು ಉತ್ತರ ಬಂತು. ಹೆತ್ತ ತಾಯಿಗೆ ಬ್ರೋ!

ವ್ಯಾನ್ ಕಾಯುತ್ತಾ ನಿಲ್ಲುವ ಅಪ್ಪ-ಅಮ್ಮಂದಿರ ಹತ್ತಿರ ಹೇಳಿಕೊಂಡರೆ, ಎಲ್ಲರ ಮನೆ ದೋಸೆಯೂ ತೂತೇ. ‘ಐದನೇ ಕ್ಲಾಸ್ ತನಕ ಚೆನ್ನಾಗೇ ಇದ್ದ, ಈಗ ಏನಾಯ್ತೋ’ ಅನ್ನುವುದೇ ಎಲ್ಲರ ರಾಗ. ಯಾರೋ ಒಬ್ಬರು ‘ಬೈಬೇಡಿ ಸಾರ್, ತಮಾಷೆ ಮಾಡಿ ಮುಗಿಸಿಬಿಡಿ’ ಎನ್ನುತ್ತಾರೆ. ಕೇಳುವುದಕ್ಕೆ ಸುಲಭ. ಆದರೆ ಯಾವ ತಮಾಷೆ? ಯಾವಾಗ? ತಮಾಷೆ ಮಾಡಿದ್ದಕ್ಕೇ ಬಾಗಿಲು ಧಡಾರ್ ಅಂತ ಮುಚ್ಚಿಕೊಂಡರೆ? ಇದು ತಿಳಿಯಬೇಕಾದರೆ ಆ ವಯಸ್ಸಿನ ತಲೆಯೊಳಗೆ ಏನು ನಡೆಯುತ್ತಿದೆ ಅನ್ನುವುದನ್ನು ಮೊದಲು ನೋಡಬೇಕು. ಆಮೇಲೆ ನಗುವಿನ ವಿಷಯ.

ಹನ್ನೆರಡು ಇನ್ನೂ ‘ಹದಿ’ ಅಲ್ಲ

ಇಂಗ್ಲಿಷಿನಲ್ಲಿ 13ರಿಂದ 19ರವರೆಗಿನ ಸಂಖ್ಯೆಗಳ ಬಾಲದಲ್ಲಿ ‘ಟೀನ್’ ಇದೆ. ಅದಕ್ಕೇ ಆ ವಯಸ್ಸಿನವರು ಟೀನೇಜರ್‌ಗಳು. ಅದಕ್ಕಿಂತ ಮೊದಲಿನ, ಸುಮಾರು 9ರಿಂದ 12 ವರ್ಷದವರನ್ನು ಪ್ರೀಟೀನ್ ಎನ್ನುತ್ತಾರೆ. ಕನ್ನಡದ ಎಣಿಕೆಯಲ್ಲೂ ಹೀಗೇ ಇದೆ, ಗಮನಿಸಿದ್ದೀರಾ? ‘ಹದಿ’ ಶುರುವಾಗುವುದು ಹದಿಮೂರಕ್ಕೆ. ಹನ್ನೊಂದು, ಹನ್ನೆರಡು ಇನ್ನೂ ಹದಿಹರೆಯದ ಹೊಸ್ತಿಲ ಈಚೆಗೇ ನಿಂತಿರುತ್ತವೆ.

‘ಆಟಿಟ್ಯೂಡ್’ ಎಂಬ ಮಾತು ಈಗ ಎಲ್ಲ ಮನೆಗಳಲ್ಲೂ ಓಡಾಡುತ್ತಿದೆ. ಹಿಂದೆ ಧಿಮಾಕು, ಕೊಬ್ಬು, ಸೊಕ್ಕು ಅನ್ನುತ್ತಿದ್ದರು. ಈ ಪದಗಳೆಲ್ಲ ಮಗುವಿನ ಗುಣಕ್ಕೇ ಚೀಟಿ ಅಂಟಿಸಿಬಿಡುತ್ತವೆ. ಈ ಲೇಖನದಲ್ಲಿ ಆಟಿಟ್ಯೂಡ್ ಅಂದರೆ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಂಗತಿಗಳು ಮಾತ್ರ. ಎದುರುತ್ತರ, ಕಣ್ಣು ತಿರುಗಿಸುವುದು, ಹತ್ತು ಪ್ರಶ್ನೆಗೆ ಒಂದು ‘ಹ್ಞೂಂ’, ಮುಖ ಊದಿಸಿಕೊಳ್ಳುವುದು, ‘ನಿಂಗೇನೂ ಗೊತ್ತಿಲ್ಲ ಸುಮ್ನಿರಪ್ಪಾ’.

ಹಳಿ ಸಿದ್ಧ, ರೈಲು ಬಂದಿಲ್ಲ

ದೊಡ್ಡವರಾಗುವ ಬದಲಾವಣೆ ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಶುರುವಾಗುತ್ತದೆ. ಹುಡುಗರಲ್ಲಿ 9ರಿಂದ 14ರೊಳಗೆ. ಮೆದುಳಿನ ತಳಭಾಗದಲ್ಲಿರುವ ಹೈಪೊಥಾಲಮಸ್ ತನ್ನ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿಯಿಂದ ಅಂಡಾಶಯಕ್ಕೋ ವೃಷಣಕ್ಕೋ ಸುದ್ದಿ ಹೋಗುತ್ತದೆ. ಅಲ್ಲಿಂದ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಹೊರಗೆ ಮೊಡವೆ ಏಳುವ ಮೊದಲೇ ಒಳಗೆ ಕೆಲಸ ಶುರುವಾಗಿರುತ್ತದೆ. ನಾವು ‘ಇನ್ನೂ ಮಗು’ ಅಂದುಕೊಂಡಿರುತ್ತೇವೆ.

ಆದರೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಿದರೆ ಅರ್ಧ ಕತೆ ಅಷ್ಟೇ ಆಗುತ್ತದೆ. ಮೆದುಳಿನ ಎರಡು ಭಾಗಗಳ ಹೆಸರು ತಿಳಿದುಕೊಳ್ಳೋಣ. ಒಂದು ಅಮಿಗ್ಡಲಾ. ಬಾದಾಮಿ ಆಕಾರದ ಚಿಕ್ಕ ಭಾಗ. ಅಪಾಯ, ಅವಮಾನ, ಭಯ ಇವುಗಳ ವಾಸನೆ ಬಡಿದ ತಕ್ಷಣ ಗಂಟೆ ಹೊಡೆಯುವುದು ಅದರ ಕೆಲಸ. ಇನ್ನೊಂದು ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್. ‘ತಡಿ, ಇದು ಅಷ್ಟು ದೊಡ್ಡ ವಿಷಯ ಅಲ್ಲ’ ಎಂದು ಆ ಗಂಟೆ ನಿಲ್ಲಿಸಬೇಕಾದ್ದು ಇದು. ಮೊದಲನೆಯದು ಬೇಗ ಚುರುಕಾಗುತ್ತದೆ. ಎರಡನೆಯದು ಪೂರ್ತಿ ಪಳಗುವುದು ವಯಸ್ಸು ಇಪ್ಪತ್ತೈದರ ಹತ್ತಿರ ಬಂದಾಗ.

ಬೆಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ. ಮೆಟ್ರೊ ಹಳದಿ ಮಾರ್ಗ ನೆನಪಿಸಿಕೊಳ್ಳಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿಲೋಮೀಟರ್. ಕಂಬ ಎದ್ದಿತ್ತು, ಹಳಿ ಬಿದ್ದಿತ್ತು, ನಿಲ್ದಾಣಕ್ಕೆ ಬಣ್ಣವೂ ಆಗಿತ್ತು. ರೈಲೇ ಬಂದಿರಲಿಲ್ಲ. ಕೊನೆಗೆ 2025ರ ಆಗಸ್ಟ್‌ನಲ್ಲಿ ಓಡಾಟ ಶುರುವಾದಾಗಲೂ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಹನ್ನೊಂದು ವರ್ಷದವರ ವಿವೇಕವೂ ಹೀಗೇ. ಇಲ್ಲ ಅಂತಲ್ಲ, ಬರುತ್ತದೆ. ಒಂದು ಹೋದ ಮೇಲೆ ಇನ್ನೊಂದು ಬರುವವರೆಗೆ ಕಾಯಬೇಕು. ಪ್ಲಾಟ್‌ಫಾರಂ ಮೇಲೆ ನಿಂತು ಕೂಗಾಡಿದರೆ ರೈಲು ಬೇಗ ಬರುವುದಿಲ್ಲ.

ಈ ಕಾಮಗಾರಿಯನ್ನು ವಿಜ್ಞಾನಿಗಳು ಕಣ್ಣಾರೆ ನೋಡಿದ್ದಾರೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಜೇ ಗೀಡ್ ಮತ್ತು ಜೊತೆಗಾರರು ಮಕ್ಕಳ ಮೆದುಳಿನ ಎಂಆರ್‌ಐ ಚಿತ್ರಗಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ತೆಗೆದು, 1999ರಲ್ಲಿ ವರದಿ ಮಾಡಿದರು. ಮೆದುಳಿನ ಮುಂಭಾಗದ, ನರಕೋಶಗಳು ಒತ್ತಾಗಿರುವ ಬೂದು ಪದಾರ್ಥ ಹುಡುಗಿಯರಲ್ಲಿ ಸುಮಾರು 11ಕ್ಕೆ, ಹುಡುಗರಲ್ಲಿ ಸುಮಾರು 12ಕ್ಕೆ ಅತಿ ಹೆಚ್ಚಾಗಿದ್ದು, ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ಕಡಿಮೆ ಅಂದರೆ ನಷ್ಟ ಅಂತಲ್ಲ. ಬಾಲ್ಕನಿಯ ಮಲ್ಲಿಗೆ ಬಳ್ಳಿಯನ್ನು ಸವರಿ ಬಿಡುತ್ತೇವಲ್ಲ, ಹಾಗೆ. ನರಕೋಶಗಳ ನಡುವೆ ಬಳಸುವ ಕೊಂಡಿಗಳು ಗಟ್ಟಿಯಾಗುತ್ತವೆ, ಬಳಸದವು ಉದುರುತ್ತವೆ. ಪ್ರೀಟೀನ್ ಅಂದರೆ ಕತ್ತರಿ ಈಗಷ್ಟೇ ಕೈಗೆ ಬಂದಿರುವ ಕಾಲ.

ಇದರ ಜೊತೆಗೆ ನಿದ್ದೆ. ನಿದ್ದೆ ಬರಿಸುವ ಮೆಲಟೋನಿನ್ ಎಂಬ ಹಾರ್ಮೋನು ಈ ವಯಸ್ಸಿಂದ ರಾತ್ರಿ ತಡವಾಗಿ ಏರಲು ಶುರುವಾಗುತ್ತದೆ. ಆದರೆ ವ್ಯಾನ್ ಟೈಮು ಬದಲಾಗುವುದಿಲ್ಲ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂಬುದು ನಿದ್ರಾತಜ್ಞರ ಸಲಹೆ. ಬೆಳಿಗ್ಗೆ ಆರಕ್ಕೆ ಏಳಬೇಕಾದರೆ, ಕಮ್ಮಿ ಅಂದರೂ ರಾತ್ರಿ ಒಂಬತ್ತಕ್ಕೆ ನಿದ್ದೆ ಹತ್ತಿರಬೇಕು. ಟ್ಯೂಷನ್, ಡ್ಯಾನ್ಸ್ ಕ್ಲಾಸ್, ಅಪ್ಪ-ಅಮ್ಮ ಟ್ರಾಫಿಕ್ಕಿಂದ ಮನೆ ಸೇರುವುದೇ ಎಂಟೂವರೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಒಂಬತ್ತಕ್ಕೆ ದೀಪ ಆರುತ್ತದೆ? ಬೆಳಗಿನ ಸಿಡುಕಿನಲ್ಲಿ ಸ್ವಲ್ಪ ಪಾಲು ಬರೀ ನಿದ್ದೆಗೇಡಿನದು.

ಇನ್ನೊಂದು ಬದಲಾವಣೆ ಒಳ್ಳೆಯದೇ, ಆದರೆ ನಮಗೆ ಕಿರಿಕಿರಿ. ಸುಮಾರು 11–12ರ ಹೊತ್ತಿಗೆ ಮಕ್ಕಳಿಗೆ ‘ಹೀಗಿದ್ದರೆ?’ ಎಂದು ಯೋಚಿಸುವ, ಮಾತಿನ ತರ್ಕ ಹಿಡಿಯುವ ಶಕ್ತಿ ಬರುತ್ತದೆ ಎಂದು ಮನೋವಿಜ್ಞಾನಿ ಜೀನ್ ಪಿಯಾಜೆ ಹೇಳಿದ್ದರು. ‘ಊಟಕ್ಕೆ ಕೂತಾಗ ನಾನು ಟ್ಯಾಬ್ ನೋಡಬಾರದು, ನೀನು ಮಾತ್ರ ಆಫೀಸ್ ಮೆಸೇಜ್ ನೋಡಬಹುದಾ?’ ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಹೊಸ ಸೈಕಲ್ ಸಿಕ್ಕ ಮಗು ಬೇಕಿದ್ದಕ್ಕೂ ಬೇಡದ್ದಕ್ಕೂ ಓಡಿಸುತ್ತದಲ್ಲ, ಹೊಸದಾಗಿ ಸಿಕ್ಕ ತರ್ಕವನ್ನೂ ಹಾಗೇ ಓಡಿಸುತ್ತದೆ. ನಾವು ಎದುರಿಗೆ ಸಿಗುತ್ತೇವೆ, ಗುದ್ದುತ್ತದೆ.

ಕೊನೆಯದು, ನಗುವಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮದುವೆ ಊಟದಲ್ಲಿ ರೇಷ್ಮೆ ಸೀರೆ ಮೇಲೆ ಸಾರು ಚೆಲ್ಲಿಕೊಂಡಿದ್ದೀರಾ? ಇಡೀ ಛತ್ರವೇ ಆ ಕಲೆ ನೋಡುತ್ತಿದೆ ಅನ್ನಿಸುತ್ತದೆ. ನಿಜಕ್ಕೂ ಯಾರೂ ನೋಡಿರುವುದಿಲ್ಲ, ಅವರಿಗೆ ಹೋಳಿಗೆ ಯಾವಾಗ ಬರುತ್ತದೆ ಎಂಬ ಚಿಂತೆ. ಹದಿಹರೆಯಕ್ಕೆ ಕಾಲಿಡುವವರಿಗೆ ಹೆಚ್ಚುಕಮ್ಮಿ ದಿನವಿಡೀ ಹೀಗೆ ಅನ್ನಿಸುತ್ತಿರುತ್ತದೆ. ಡೇವಿಡ್ ಎಲ್ಕಿಂಡ್ ಎಂಬ ಅಮೆರಿಕದ ಮನೋವಿಜ್ಞಾನಿ 1967ರಲ್ಲಿ ಇದಕ್ಕೆ ‘ಕಾಲ್ಪನಿಕ ಪ್ರೇಕ್ಷಕರು’ ಎಂಬರ್ಥದ ಹೆಸರು ಕೊಟ್ಟರು. ತನ್ನ ಕೂದಲು, ತನ್ನ ಹಲ್ಲಿನ ಕ್ಲಿಪ್ಪು, ತನ್ನ ಅಪ್ಪನ ಹಳೇ ಸ್ಕೂಟರ್ ಎಲ್ಲವನ್ನೂ ಯಾರೋ ನೋಡುತ್ತಲೇ ಇದ್ದಾರೆ ಎಂಬ ಅನಿಸಿಕೆ. ಈ ಪ್ರೇಕ್ಷಕರನ್ನು ಮರೆತು ಮಾಡಿದ ತಮಾಷೆ ಸಾಮಾನ್ಯವಾಗಿ ಕೆಡುತ್ತದೆ. ನನ್ನದು ಹೇಗೆ ಕೆಟ್ಟಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಕಚಗುಳಿಯ ಲೆಕ್ಕ

ನಿಮಗೆ ನೀವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಇಟ್ಟರೂ ಬರುವುದಿಲ್ಲ, ಕೋಪ ಬರುತ್ತದೆ. ತಂಗಿಯೋ ಗೆಳೆಯನೋ ಇಟ್ಟರೆ ಮಾತ್ರ ನಗು. ಯಾಕೆ?

ಪೀಟರ್ ಮ್ಯಾಗ್ರಾ ಮತ್ತು ಕ್ಯಾಲೆಬ್ ವಾರೆನ್ ಎಂಬ ಅಮೆರಿಕದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ವಿವರಣೆ ಇದನ್ನು ಚೆನ್ನಾಗಿ ಬಿಡಿಸುತ್ತದೆ. ನಗು ಹುಟ್ಟಬೇಕಾದರೆ ಎರಡು ಸಂಗತಿ ಒಟ್ಟಿಗೆ ಇರಬೇಕು. ಏನೋ ಒಂದು ಅಡ್ಡಾದಿಡ್ಡಿ ಆಗಿರಬೇಕು, ಆದರೆ ಅದರಿಂದ ಅಪಾಯ ಇಲ್ಲ ಅಂತಲೂ ಅನ್ನಿಸಬೇಕು. ನಮಗೆ ನಾವೇ ಇಟ್ಟುಕೊಂಡಾಗ ಅಡ್ಡಾದಿಡ್ಡಿ ಏನೂ ಇಲ್ಲ. ಅಪರಿಚಿತ ಇಟ್ಟಾಗ ಅಪಾಯ ಇದೆ. ತಂಗಿ ಇಟ್ಟಾಗ ಎರಡೂ ಸರಿಯಾಗಿ ಕೂಡುತ್ತವೆ.

ಈಗ ಇದನ್ನು ಉಪ್ಪಿಟ್ಟಿನ ಟೇಬಲ್ಲಿಗೆ ತನ್ನಿ. ಮಗು ಸಿಡುಕಿದೆ ಅಂದರೆ ಅಮಿಗ್ಡಲಾದ ಗಂಟೆ ಹೊಡೆಯುತ್ತಿದೆ. ನಾವು ಗದರಿದರೆ ‘ಹೌದು, ಇಲ್ಲಿ ಅಪಾಯ ಇದೆ’ ಎಂದು ಆ ಗಂಟೆಗೆ ಸಾಕ್ಷಿ ಹೇಳಿದಂತಾಯಿತು. ಅದು ಇನ್ನೂ ಜೋರಾಗುತ್ತದೆ. ಸರಿಯಾದ ಜಾಗದಲ್ಲಿ ಬಂದ ನಗು ಇದರ ಉಲ್ಟಾ ಸುದ್ದಿ ಕಳಿಸುತ್ತದೆ. ಅಪ್ಪ ನಗ್ತಿದ್ದಾನೆ, ಹಾಗಾದರೆ ಇದು ಯುದ್ಧ ಅಲ್ಲ. ಗಂಟೆ ತಗ್ಗುತ್ತದೆ. 25 ನಿಮಿಷದ ರೈಲಿಗೆ ನಿಲ್ದಾಣಕ್ಕೆ ಬರಲು ಸಮಯ ಸಿಗುತ್ತದೆ.

ನಗು ಮುಖ್ಯವಾಗಿ ಜೊತೆಗಿರುವವರಿಗಾಗಿಯೇ ಇರುವ ಸದ್ದು. ನಗುವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್, ಒಬ್ಬರೇ ಇದ್ದಾಗಿಗಿಂತ ನಾಲ್ಕು ಜನರ ನಡುವೆ ಇದ್ದಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂದು ಲೆಕ್ಕ ಹಾಕಿದ್ದರು. ಅದೂ ದೊಡ್ಡ ಜೋಕಿಗಲ್ಲ, ಸಾದಾ ಮಾತಿಗೇ. ಅಂದರೆ ಅಪ್ಪ-ಅಮ್ಮ ಹಾಸ್ಯಗಾರರಾಗಬೇಕಿಲ್ಲ.

ಹಾಗಾದರೆ ಕೂಗಾಟದಿಂದ ನಿಜಕ್ಕೂ ನಷ್ಟ ಇದೆಯೇ? ಅಮೆರಿಕದ 976 ಕುಟುಂಬಗಳ ಮೇಲೆ ಮಿಂಗ್-ಟೆ ವಾಂಗ್ ಮತ್ತು ಸಾರಾ ಕೆನ್ನಿ ನಡೆಸಿದ ಅಧ್ಯಯನ ಇದನ್ನೇ ನೋಡಿತು. ಮಗುವಿಗೆ 13 ವರ್ಷ ಇದ್ದಾಗ ಕೂಗಾಟ, ಬೈಗುಳ, ಹೀಯಾಳಿಕೆ ಜಾಸ್ತಿ ಇದ್ದ ಮನೆಗಳಲ್ಲಿ, ಮುಂದಿನ ಒಂದು ವರ್ಷದಲ್ಲಿ ಮಗುವಿನ ನಡತೆಯ ತೊಂದರೆಗಳೂ ಖಿನ್ನತೆಯ ಲಕ್ಷಣಗಳೂ ಹೆಚ್ಚಾಗಿದ್ದವು. ‘ಬೈದರೂ ಪ್ರೀತಿ ಇದೆಯಲ್ಲ’ ಎಂಬ ಸಮಾಧಾನವೂ ಅಲ್ಲಿ ನಿಲ್ಲಲಿಲ್ಲ. ಪ್ರೀತಿ ಇದ್ದ ಮನೆಗಳಲ್ಲೂ ಪರಿಣಾಮ ಹಾಗೇ ಇತ್ತು. ಈ ಮಕ್ಕಳು ನಮ್ಮ ಪ್ರೀಟೀನ್‌ಗಳಿಗಿಂತ ಒಂದೆರಡು ವರ್ಷ ದೊಡ್ಡವರು, ನಿಜ. ದಾರಿ ಮಾತ್ರ ಅದೇ.

ತಮಾಷೆ, ಗೇಲಿ, ಕೊಂಕು

ಒಂದು ಸಂಜೆ ವ್ಯಾನಿನಿಂದ ಇಳಿದ ಮಗಳು ನನ್ನ ಕಡೆ ಬ್ಯಾಗ್ ಎಸೆದಳು. ಹಿಂದೆ ಮೂವರು ಗೆಳತಿಯರು ಇಳಿಯುತ್ತಿದ್ದರು. ಬೈಯಬಾರದು, ತಮಾಷೆ ಮಾಡಬೇಕು ಎಂಬ ಹೊಸ ಜ್ಞಾನ ನನ್ನ ತಲೆಯಲ್ಲಿತ್ತು. ಸೊಂಟ ಬಗ್ಗಿಸಿ ಕೈಮುಗಿದೆ. ‘ಮಹಾರಾಣಿಯವರು ದಯಮಾಡಿಸಬೇಕು, ಕೂಲಿ ಸಿದ್ಧವಾಗಿದ್ದಾನೆ’ ಎಂದೆ. ಗೆಳತಿಯರು ಕಿಸಕ್ಕನೆ ನಕ್ಕರು. ಡ್ರೈವರ್ ಕೂಡ ನಕ್ಕ. ಮಗಳ ಕಿವಿ ಕೆಂಪಾಯಿತು. ಬ್ಯಾಗ್ ಕಸಿದುಕೊಂಡು ನನಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆದಳು.

ಎರಡು ದಿನ ಮಾತಿಲ್ಲ. ಮೂರನೇ ದಿನ ಅವಳಮ್ಮನ ಮೂಲಕ ಹುಕುಂ ಬಂತು. ವ್ಯಾನ್ ಹತ್ತಿರ ಇನ್ನು ಅಪ್ಪ ಬರೋದು ಬೇಡ. ಕ್ಲಾಸಿನಲ್ಲಿ ಅವಳ ಹೆಸರು ಆಗಲೇ ‘ಮಹಾರಾಣಿ’ ಎಂದಾಗಿತ್ತು.

ಕಚಗುಳಿಯ ಲೆಕ್ಕದಲ್ಲಿ ನೋಡಿದರೆ ತಪ್ಪು ಎಲ್ಲಿ ಅಂತ ತಕ್ಷಣ ಗೊತ್ತಾಗುತ್ತದೆ. ಅಡ್ಡಾದಿಡ್ಡಿ ಇತ್ತು. ಅಪಾಯ ಇಲ್ಲ ಎಂದು ನನಗೆ ಅನ್ನಿಸಿತ್ತು, ಅವಳಿಗಲ್ಲ. ಅವಳ ಕಾಲ್ಪನಿಕ ಪ್ರೇಕ್ಷಕರಿಗೆ ನಾನು ನಿಜವಾದ ಮೂರು ಸೀಟು ತುಂಬಿಸಿಕೊಟ್ಟಿದ್ದೆ. ಅಪಾಯ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವುದು ತಮಾಷೆ ಮಾಡಿದವರಲ್ಲ, ಮಾಡಿಸಿಕೊಂಡವರು. ‘ಸುಮ್ನೆ ತಮಾಷೆಗೆ ಹೇಳಿದ್ದು ಕಣೇ’ ಅನ್ನುವುದು ಅದಕ್ಕೇ ಕೆಲಸಕ್ಕೆ ಬಾರದ ಸಮಜಾಯಿಷಿ.

ಹಾಸ್ಯವನ್ನು ಅಳೆಯಲು ಕೆನಡಾದ ಮನೋವಿಜ್ಞಾನಿ ರಾಡ್ ಮಾರ್ಟಿನ್ ಮತ್ತು ಜೊತೆಗಾರರು 2003ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ನಾಲ್ಕು ಬಗೆ. ಜೊತೆಯವರನ್ನು ಹತ್ತಿರ ತರುವ ಹಾಸ್ಯ, ಕಷ್ಟದಲ್ಲಿ ತನ್ನನ್ನು ತಾನೇ ಹಗುರ ಮಾಡಿಕೊಳ್ಳುವ ಹಾಸ್ಯ, ಇನ್ನೊಬ್ಬರನ್ನು ಚುಚ್ಚುವ ಹಾಸ್ಯ, ತನ್ನನ್ನೇ ತುಳಿದುಕೊಂಡು ನಗಿಸುವ ಹಾಸ್ಯ. ಮೊದಲೆರಡು ಒಳ್ಳೆಯವು, ಕೊನೆಯೆರಡು ಕೆಡುಕಿನವು. ಕನ್ನಡಕ್ಕೆ ಈ ಪ್ರಶ್ನಾವಳಿ ಬೇಕೇ ಇರಲಿಲ್ಲ. ತಮಾಷೆ ಬೇರೆ, ಗೇಲಿ ಬೇರೆ, ಅಣಕ ಬೇರೆ, ಕೊಂಕು ಬೇರೆ ಎಂದು ಪದ ಮಾಡಿ ಇಟ್ಟಿದ್ದೇವೆ. ತಮಾಷೆಯಲ್ಲಿ ಇಬ್ಬರೂ ಒಂದೇ ಕಡೆ ನಿಂತು ಯಾವುದನ್ನೋ ನೋಡಿ ನಗುತ್ತಾರೆ. ಗೇಲಿಯಲ್ಲಿ ಒಬ್ಬರು ನಗುತ್ತಾರೆ, ಇನ್ನೊಬ್ಬರು ನಗೆಪಾಟಲಾಗುತ್ತಾರೆ. ಕೊಂಕಿನಲ್ಲಿ ಯಾರೂ ನಗುವುದಿಲ್ಲ.

ನಾವು ಅಪ್ಪ-ಅಮ್ಮಂದಿರು ಗೊತ್ತಿಲ್ಲದೇ ಜಾಸ್ತಿ ಬಳಸುವುದು ಕೊಂಕನ್ನೇ. ಮಗ ಒಂದು ದಿನ ಯಾರೂ ಹೇಳದೇ ತನ್ನ ತಟ್ಟೆ ತಾನೇ ತೊಳೆದಿಟ್ಟ ಅನ್ನಿ. ನಮ್ಮ ಬಾಯಿಂದ ಬರುವುದೇನು? ‘ಏನಪ್ಪಾ ಇವತ್ತು, ಮಳೆ ಬರುತ್ತೆ!’ ಅಥವಾ ‘ಸೂರ್ಯ ಯಾವ ಕಡೆ ಹುಟ್ಟಿದ?’ ನಾವು ಹೊಗಳಿದೆವು ಅಂದುಕೊಂಡಿರುತ್ತೇವೆ. ಅವನಿಗೆ ಕೇಳಿಸುವುದು ‘ಉಳಿದ ದಿನವೆಲ್ಲ ನೀನು ದಂಡ’ ಎಂದು. ಕೆಟ್ಟದ್ದಕ್ಕೆ ಬೈಗುಳ, ಒಳ್ಳೆಯದಕ್ಕೆ ಕೊಂಕು ಆದರೆ ಆ ಮಗುವಿಗೆ ಗೆಲ್ಲುವ ದಾರಿಯೇ ಇಲ್ಲ ಅಲ್ವಾ? ಬೆಂಗಳೂರಿನಲ್ಲಿ ಮಳೆ ಹೇಗೂ ಬರುತ್ತದೆ, ಅದಕ್ಕೆ ಮಗ ತಟ್ಟೆ ತೊಳೆಯಬೇಕಿಲ್ಲ.

ತನ್ನನ್ನೇ ತುಳಿದುಕೊಳ್ಳುವುದೂ ಬೇಡ. ‘ಬಿಡಮ್ಮ, ನಿಮ್ಮಪ್ಪ ದಡ್ಡ, ಯಾವುದಕ್ಕೂ ಪ್ರಯೋಜನ ಇಲ್ಲ’ ಎಂದು ದಿನಾ ಹೇಳುತ್ತಿದ್ದರೆ ಮಗು ಸ್ವಲ್ಪ ದಿನ ನಗುತ್ತದೆ. ಆಮೇಲೆ ನಂಬುತ್ತದೆ.

ಅಂದಹಾಗೆ, ಮಹಾರಾಣಿ ಪ್ರಕರಣಕ್ಕೆ ನಾನು ಕೊನೆಗೆ ಕ್ಷಮೆ ಕೇಳಿದೆ. ಜೋಕು ಸೇರಿಸದೆ, ನೆಟ್ಟಗೆ. ‘ನಿನ್ನ ಫ್ರೆಂಡ್ಸ್ ಮುಂದೆ ಹಾಗೆ ಮಾಡಬಾರದಿತ್ತು, ತಪ್ಪಾಯ್ತು.’ ಅವಳು ‘ಓಕೆ’ ಎಂದು ಟಿ.ವಿ. ರಿಮೋಟ್ ಹುಡುಕಲು ಹೋದಳು. ಅಷ್ಟೇ.

ಅದೇ ಉಪ್ಪಿಟ್ಟು, ಇನ್ನೊಂದು ಬೆಳಿಗ್ಗೆ

ಮುಂದಿನ ವಾರ ಮತ್ತೆ ಉಪ್ಪಿಟ್ಟು. ಮತ್ತೆ ‘ಕಾಂಕ್ರೀಟಾ?’ ಮನೆಯಲ್ಲಿ ನಾವಷ್ಟೇ ಇದ್ದೆವು, ಹೊರಗಿನವರಿಲ್ಲ. ಅಡುಗೆಮನೆಯ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಹೋಟೆಲ್ ಮಾಣಿಯ ಹಾಗೆ ಬಂದೆ. ‘ಏನ್ ಕೊಡ್ಲಿ ಮೇಡಂ? ಇಡ್ಲಿ ವಡೆ ಮಸಾಲೆದೋಸೆ ಸೆಟ್‌ದೋಸೆ ಪೂರಿಸಾಗು ಚೌಚೌಬಾತ್’ ಎಂದು ಒಂದೇ ಉಸಿರಲ್ಲಿ ಒದರಿದೆ.

‘ಮಸಾಲೆದೋಸೆ’ ಎಂದಳು, ಮುಖ ಗಂಟಿಕ್ಕಿಕೊಂಡೇ.

‘ಖಾಲಿ ಮೇಡಂ.’

‘ಇಡ್ಲಿ?’

‘ಈಗಷ್ಟೇ ಮುಗೀತು ಮೇಡಂ.’

‘ಮತ್ತೆ ಏನಿದೆ?’

‘ಖಾರಾಬಾತ್ ಇದೆ ಮೇಡಂ, ಬಿಸಿ ಇದೆ.’

ದರ್ಶಿನಿಗಳಲ್ಲಿ ಉಪ್ಪಿಟ್ಟು ಅರಿಸಿನ-ಮಸಾಲೆ ಹಾಕಿಕೊಂಡು ಹೆಸರು ಬದಲಿಸಿಕೊಳ್ಳುವುದು ಅವಳಿಗೂ ಗೊತ್ತು. ತುಟಿಯ ಒಂದು ತುದಿ ಮೇಲೆ ಹೋಯಿತು. ಪೂರ್ತಿ ನಗಲಿಲ್ಲ. ಅರ್ಧ ತಟ್ಟೆ ತಿಂದಳು. ಟಿಪ್ಸ್ ಕೇಳಿದ್ದಕ್ಕೆ ‘ಸರ್ವಿಸ್ ಸರಿ ಇಲ್ಲ’ ಎಂದು ವ್ಯಾನ್ ಹತ್ತಿದಳು.

ಇಲ್ಲಿ ಆದದ್ದನ್ನು ಸ್ವಲ್ಪ ಬಿಡಿಸಿ ನೋಡೋಣ. ಕೋಡಂಗಿಯಾದದ್ದು ನಾನು, ಅವಳಲ್ಲ. ನಕ್ಕಿದ್ದು ಉಪ್ಪಿಟ್ಟನ್ನು ನೋಡಿ, ಅವಳ ಸಿಡುಕನ್ನು ನೋಡಿ ಅಲ್ಲ. ಪ್ರೇಕ್ಷಕರಿರಲಿಲ್ಲ. ಎಲ್ಲಕ್ಕಿಂತ ಮುಖ್ಯ, ತಿಂಡಿ ಬದಲಾಗಲಿಲ್ಲ. ಉಪ್ಪಿಟ್ಟೇ ಇತ್ತು, ಉಪ್ಪಿಟ್ಟೇ ತಿಂದಳು. ನಗು ನಿಯಮವನ್ನು ತೆಗೆಯುವುದಿಲ್ಲ, ನುಂಗಲು ಸುಲಭ ಮಾಡುತ್ತದೆ.

ಹೊತ್ತು ಮಾತ್ರ ನೋಡಿಕೊಳ್ಳಬೇಕು. ಹಾಲು ಉಕ್ಕಿ ಬರುವಾಗ ನಾಲ್ಕು ಹನಿ ನೀರು ಚಿಮುಕಿಸಿದರೆ ಇಳಿಯುತ್ತದೆ. ಉಕ್ಕಿ ಒಲೆ ಮೇಲೆ ಹರಿದ ಮೇಲೆ ಚಿಮುಕಿಸಿದರೆ ಏನೂ ಆಗುವುದಿಲ್ಲ. ಉರಿ ಆರಿಸಿ, ಕಾದು, ಒರೆಸಬೇಕು. ಮಗು ಆಗಲೇ ಅಳುತ್ತಿದ್ದರೆ, ಕೂಗುತ್ತಿದ್ದರೆ, ನಡುಗುತ್ತಿದ್ದರೆ ತಮಾಷೆಯ ಹೊತ್ತು ಮುಗಿದಿದೆ. ಆಗ ‘ತುಂಬಾ ಕೋಪ ಬಂದಿದೆ ಅಲ್ವಾ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಮೇಲು. ಭಾವನೆಗೆ ಹೆಸರಿಟ್ಟಾಗ ಅಮಿಗ್ಡಲಾದ ಚಟುವಟಿಕೆ ತಗ್ಗುತ್ತದೆ ಎಂದು ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ, ದೊಡ್ಡವರ ಮೆದುಳಿನ ಸ್ಕ್ಯಾನ್ ಮಾಡಿ ತೋರಿಸಿದ್ದಾರೆ.

ಹೆಸರಿಡುವುದಕ್ಕೆ ನಮ್ಮ ಮನೆಯಲ್ಲಿ ಒಂದು ಅಡ್ಡದಾರಿ ಸಿಕ್ಕಿತು. ‘ಸಿಲ್ಕ್ ಬೋರ್ಡ್.’ ಟ್ರಾಫಿಕ್ ಜಾಮಿಗೆ ಹೆಸರಾದ ಬೆಂಗಳೂರಿನ ಜಂಕ್ಷನ್ ಅದು. ತಲೆಯಲ್ಲಿ ಎಲ್ಲ ಗಾಡಿಗಳೂ ನಿಂತುಬಿಟ್ಟಿವೆ, ಹಾರ್ನ್ ಹೊಡೆದರೆ ಪ್ರಯೋಜನ ಇಲ್ಲ ಎಂದು ಅರ್ಥ. ಮಗಳೇ ಆರಿಸಿದ ಪದ. ಅವಳು ಸಿಲ್ಕ್ ಬೋರ್ಡ್ ಅಂದರೆ ನಾವು ಹತ್ತು ನಿಮಿಷ ಸುಮ್ಮನಿರಬೇಕು, ಜೋಕೂ ಮಾಡುವಂತಿಲ್ಲ. ಹತ್ತು ನಿಮಿಷ ಆದ ಮೇಲೆ ಮಾತಾಡಲೇಬೇಕು, ಅದು ಅವಳ ಕಡೆಯ ಕರಾರು. ಕಳೆದ ತಿಂಗಳು ಬ್ಯಾಂಕಿನವರ ಜೊತೆ ಫೋನಿನಲ್ಲಿ ಜಗಳ ಮುಗಿಸಿ, ಆ ಸಿಟ್ಟನ್ನು ಅವಳ ಚಪ್ಪಲಿ ಮೇಲೆ ತೀರಿಸುತ್ತಿದ್ದೆ. ‘ಅಪ್ಪಾ, ಸಿಲ್ಕ್ ಬೋರ್ಡಾ?’ ಎಂದು ಕೇಳಿದಳು. ಹೌದು, ನಾನೇ ಜಾಮ್ ಆಗಿದ್ದೆ.

ಬೆಳಗಿನ ತಡಕ್ಕೆ ಮೆಟ್ರೊದ ಘೋಷಣೆ ಸ್ವಲ್ಪ ದಿನ ನಡೆಯಿತು. ‘ಮುಂದಿನ ನಿಲ್ದಾಣ, ಬಚ್ಚಲುಮನೆ.’ ಆರು ದಿನ ನಕ್ಕಳು, ಏಳನೇ ದಿನ ‘ಕ್ರಿಂಜ್ ಅಪ್ಪಾ’ ಎಂದಳು. ಜೋಕಿಗೂ ಹಾಲಿನ ಪ್ಯಾಕೆಟ್ಟಿನ ಹಾಗೆ ತಾರೀಖು ಇದೆ.

ಮಕ್ಕಳ ಪದ ನಾವು ಬಳಸಿದರೆ ಆ ಪದ ಸಾಯುತ್ತದೆ ಎಂಬುದೂ ಗೊತ್ತಿರಲಿ. ‘ಬ್ರೋ’ ಹೋದದ್ದು ಹಾಗೇ. ನನ್ನ ಅಮ್ಮ, ಎಪ್ಪತ್ತೆರಡು ವರ್ಷ, ಒಂದು ಬೆಳಿಗ್ಗೆ ತೀರಾ ಗಂಭೀರವಾಗಿ ‘ಬ್ರೋ, ನನ್ನ ಕನ್ನಡಕ ನೋಡಿದ್ಯಾ?’ ಎಂದು ಮೊಮ್ಮಗಳನ್ನು ಕೇಳಿದರು. ನಾಲ್ಕೇ ದಿನದಲ್ಲಿ ಆ ಪದ ಮನೆ ಬಿಟ್ಟಿತು.

‘ಸಲುಗೆ ಜಾಸ್ತಿ ಆಗಲ್ವೇನೋ?’

ಅದೇ ಅಮ್ಮನ ಆಕ್ಷೇಪ ಇದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೋ? ನಿಮ್ಮಪ್ಪ ಒಂದು ಸಲ ಕಣ್ಣು ಬಿಟ್ರೆ ನೀವು ಮೂರೂ ಜನ ಮೂಲೆ ಸೇರ್ತಿದ್ರಿ.’ ಸೇರುತ್ತಿದ್ದೆವು, ನಿಜ. ಮೂಲೆಯಲ್ಲಿ ಕೂತು ಏನು ಮಾತಾಡಿಕೊಳ್ಳುತ್ತಿದ್ದೆವು ಎಂದು ಅಮ್ಮನಿಗೆ ಗೊತ್ತಿಲ್ಲ.

ಆದರೂ ಪ್ರಶ್ನೆ ಸರಿಯಾದದ್ದೇ. 1960ರ ದಶಕದಲ್ಲಿ ಅಮೆರಿಕದ ಡಯಾನಾ ಬಾಮ್‌ರಿಂಡ್ ಮಕ್ಕಳನ್ನು ಬೆಳೆಸುವ ರೀತಿಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಒಂದರಲ್ಲಿ ನಿಯಮ ಬಿಗಿ, ಬೆಚ್ಚಗಿನ ಮಾತು ಕಮ್ಮಿ. ಇನ್ನೊಂದರಲ್ಲಿ ಮಾತು ಬೆಚ್ಚಗೆ, ನಿಯಮವೇ ಇಲ್ಲ. ಮೂರನೆಯದರಲ್ಲಿ ಎರಡೂ ಇರುತ್ತವೆ. ನಿಯಮ ಇರುತ್ತದೆ, ಯಾಕೆ ಎಂಬ ವಿವರಣೆಯೂ ಇರುತ್ತದೆ, ಮಗುವಿನ ಮಾತಿಗೆ ಕಿವಿಯೂ ಇರುತ್ತದೆ. ಅಮ್ಮ ಹೆದರುವುದು ಎರಡನೆಯ ಬಗೆಗೆ. ನಗಿಸಿ, ಓಲೈಸಿ, ಫೋನನ್ನು ಕೈಗೆ ಕೊಟ್ಟುಬಿಡುವುದು ಅಲ್ಲಿ ಆಗುತ್ತದೆ. ಈ ಲೇಖನದ ನಗು ಸೇರುವುದು ಮೂರನೆಯದಕ್ಕೆ. ರಾತ್ರಿ ಎಂಟೂವರೆಗೆ ಫೋನ್ ಹಾಲ್‌ನ ಚಾರ್ಜರಿಗೆ ಹೋಗಬೇಕು ಅಂದರೆ ಹೋಗಬೇಕು. ‘ಪಾಪ, ಫೋನಿಗೂ ಹೊಟ್ಟೆ ಹಸಿದಿದೆ, ಊಟಕ್ಕೆ ಕಳಿಸು’ ಎಂದು ಕೇಳಬಹುದು. ಎರಡನೇ ಸಲ ‘ಎಂಟೂವರೆ ಆಯ್ತು, ಫೋನ್’ ಅಷ್ಟೇ. ಮೂರನೇ ಸಲ ಮಾತೇ ಇಲ್ಲ, ಮೊದಲೇ ಹೇಳಿದ್ದ ಹಾಗೆ ನಾಳೆಯ ಅರ್ಧ ಗಂಟೆ ಕಟ್.

ನಗಿಸಿ ಬೆಳೆಸಿದ ಮಕ್ಕಳು ದೊಡ್ಡವರಾಗಿ ಏನಂತಾರೆ? ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 18ರಿಂದ 45 ವರ್ಷದ 312 ಜನರನ್ನು ಕೇಳಿ 2024ರಲ್ಲಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಜನ ತಮ್ಮನ್ನು ಬೆಳೆಸಿದವರು ಹಾಸ್ಯ ಬಳಸುತ್ತಿದ್ದರು ಎಂದರು. ಮಕ್ಕಳನ್ನು ಬೆಳೆಸಲು ಹಾಸ್ಯ ಒಳ್ಳೆಯ ಸಾಧನ ಎಂದವರು ನೂರಕ್ಕೆ ಸುಮಾರು 72. ಹಾಸ್ಯ ಇದ್ದ ಮನೆಯವರು ಅಪ್ಪ-ಅಮ್ಮನ ಜೊತೆಗಿನ ಸಂಬಂಧ ಚೆನ್ನಾಗಿದೆ ಎಂದದ್ದೂ ಹೆಚ್ಚು. ಆದರೆ ಇದನ್ನು ಹುಷಾರಾಗಿ ಓದಬೇಕು. ಇದು ದೊಡ್ಡವರ ನೆನಪು. ಹಾಸ್ಯದಿಂದ ಸಂಬಂಧ ಚೆನ್ನಾಯಿತೋ, ಸಂಬಂಧ ಚೆನ್ನಾಗಿದ್ದ ಮನೆಯಲ್ಲಿ ಹಾಸ್ಯ ತಾನಾಗಿ ಇತ್ತೋ, ಇಷ್ಟರಿಂದ ಹೇಳಲು ಬರುವುದಿಲ್ಲ.

ನಗಬಾರದ ಜಾಗ

ಮೈಯ ಬದಲಾವಣೆಗಳ ಮೇಲೆ ತಮಾಷೆ ಬೇಡ. ದಪ್ಪ, ಸಣ್ಣ, ಮೊಡವೆ, ಒಡೆಯುತ್ತಿರುವ ದನಿ, ಮುಟ್ಟು ಯಾವುದೂ ಜೋಕಿನ ವಸ್ತುವಲ್ಲ, ಮನೆಗೆ ಬಂದ ಚಿಕ್ಕಪ್ಪ-ಅತ್ತೆಯರಿಗೂ ಇದನ್ನು ಮೊದಲೇ ಹೇಳಿಡಿ. ಗೆಳೆಯರು ದೂರ ಮಾಡಿದ್ದಾರೆ, ಯಾರೋ ಕಾಡುತ್ತಿದ್ದಾರೆ, ಪರೀಕ್ಷೆ ಕೆಟ್ಟಿದೆ ಎಂದು ಮಗು ಬಾಯಿಬಿಟ್ಟಾಗಲೂ ಅಷ್ಟೇ. ಆಗ ನಕ್ಕರೆ ಮುಂದಿನ ಸಲ ಹೇಳುವುದಿಲ್ಲ. ಹೊಡೆತ, ಕಳ್ಳತನ, ಅಪಾಯದ ಆಟ ಇವುಗಳಿಗೆ ನೇರ ಮಾತೇ ಬೇಕು.

ಇನ್ನು, ಎಲ್ಲ ಸಿಡುಕೂ ವಯಸ್ಸಿನದಲ್ಲ. ದೊಡ್ಡವರಲ್ಲಿ ಖಿನ್ನತೆ ಅಂದರೆ ದುಃಖ. ಮಕ್ಕಳಲ್ಲಿ ಅದು ಸಿಡುಕಾಗಿಯೇ ಕಾಣಿಸಬಹುದು. ಹಾಗಾಗಿ ಸುಲಭವಾಗಿ ‘ಆಟಿಟ್ಯೂಡ್’ ಖಾತೆಗೆ ಜಮಾ ಆಗಿಬಿಡುತ್ತದೆ. ಎರಡು ವಾರ ಬಿಡದೆ ಸಿಡುಕು ಅಥವಾ ಮಂಕು, ನಿದ್ದೆ-ಊಟದಲ್ಲಿ ದೊಡ್ಡ ಏರುಪೇರು, ಇಷ್ಟಪಟ್ಟು ಮಾಡುತ್ತಿದ್ದ ಆಟವೋ ಚಿತ್ರವೋ ಪೂರ್ತಿ ನಿಂತುಹೋಗುವುದು, ಶಾಲೆಗೆ ಹೋಗುವುದಿಲ್ಲ ಎಂಬ ಹಟ ಕಂಡರೆ ಮಕ್ಕಳ ಡಾಕ್ಟರ ಹತ್ತಿರ ಮಾತಾಡಿ. ‘ನಾನು ಇರಬಾರದು’ ಎಂಬಂಥ ಮಾತು ಬಂದರೆ, ಮೈಗೆ ಗಾಯ ಮಾಡಿಕೊಂಡಿದ್ದು ಕಂಡರೆ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆಂದೇ ವಿಭಾಗ ಇದೆ. ಹೋಗುವ ಮೊದಲು ಕೇಳಿಕೊಳ್ಳಬೇಕು ಅನ್ನಿಸಿದರೆ ಟೆಲಿ-ಮಾನಸ್ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸಹಾಯವಾಣಿ ಇದು, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಮಗುವೇ ಫೋನ್ ಮಾಡಬೇಕು ಅಂತಿಲ್ಲ. ಏನು ಮಾಡಬೇಕು ಎಂದು ತೋಚದ ಅಪ್ಪ-ಅಮ್ಮನೂ ಮಾಡಬಹುದು.